ಅತ್ತೆಯ ಪುಸ್ತಕದ ಅಂಚು

ಹೋದ ವಾರ ತಿಲಕ್ ನಗರದ ಬೈಂಡಿಂಗ್ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಆ ವಾಸನೆ ಮೂಗಿಗೆ ಬಡಿಯಿತು. ಮೈದಾ ಹಿಟ್ಟನ್ನು ನೀರಲ್ಲಿ ಕುದಿಸಿ, ಹುಳ ಬೀಳದಿರಲೆಂದು ಚೂರು ಮೈಲುತುತ್ತ ಹಾಕಿ ಮಾಡಿದ ಅಂಟು. ಅದರ ಬೆಚ್ಚಗಿನ ಹುಳಿ ವಾಸನೆ, ಜೊತೆಗೆ ಆಗಷ್ಟೇ ಕತ್ತರಿಸಿದ ಕಾಗದದ್ದು. ಬೇರೆಯವರಿಗೆ ಅದು ಶಾಲೆ ಶುರುವಾಗುವ ದಿನಗಳ ವಾಸನೆ ಇರಬಹುದು. ನಾನು ಮಾತ್ರ ಕೈಯಲ್ಲಿದ್ದ ಚೀಲವನ್ನು ಎದೆಗವಚಿಕೊಂಡು ಎರಡನೆಯ ಮೆಟ್ಟಿಲಲ್ಲೇ ನಿಂತುಬಿಟ್ಟೆ. ಮೂರು ವರ್ಷದ ಹಿಂದಿನ ಮಳೆಗಾಲ ಬಂದು ಪಕ್ಕದಲ್ಲಿ ನಿಂತಿತು.

ಅದು ನಮ್ಮತ್ತೆಯ ಕೈ ಹೋದ ವರ್ಷ.

ಅತ್ತೆ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವರು. ನಿವೃತ್ತರಾದ ಮೇಲೂ ಮಧ್ಯಾಹ್ನ ಎರಡು ಗಂಟೆಗೆ ಹಜಾರದ ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಪುಸ್ತಕ ಹಿಡಿದು ಕೂತರೆ, ಮೂರರವರೆಗೆ ಮನೆಯಲ್ಲಿ ಯಾರೂ ಅವರನ್ನು ಕರೆಯುವ ಹಾಗಿರಲಿಲ್ಲ. ಏನೇನೋ ಓದುತ್ತಿದ್ದರು. ಆದರೆ ತಿರುಗಿ ತಿರುಗಿ ಬರುತ್ತಿದ್ದದ್ದು ಒಂದೇ ಪುಸ್ತಕಕ್ಕೆ. ಹಳಗನ್ನಡ ಕಾವ್ಯ, ಕೆಳಗೆ ಅದರ ಅರ್ಥ; ಇಟ್ಟಿಗೆಯಷ್ಟು ದಪ್ಪ. ಮನೆಯಲ್ಲಿ ಅದಕ್ಕೆ ‘ದೊಡ್ಡ ಪುಸ್ತಕ’ ಎಂದೇ ಹೆಸರು. ಅದರ ಅಂಚಿನ ತುಂಬ ಅತ್ತೆ ಪೆನ್ಸಿಲಿನಲ್ಲಿ ಸಣ್ಣಗೆ ಗೀಚಿದ್ದರು. ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಪುಸ್ತಕದ ಮೇಲೆ ಬರೆದವರನ್ನು ಸಿಸ್ಟರ್ ತರಗತಿಯ ಮುಂದೆ ನಿಲ್ಲಿಸಿ, ಕೈಗೆ ರಬ್ಬರ್ ಕೊಟ್ಟು, ಒಂದೊಂದೇ ಗೆರೆ ಅಳಿಸುವವರೆಗೆ ಬಿಡುತ್ತಿರಲಿಲ್ಲ. ಹಾಗಾಗಿ ಅತ್ತೆಯ ಪುಸ್ತಕದ ಅಂಚು ನನ್ನ ಕಣ್ಣಿಗೆ, ಹೇಳಬಾರದು, ಒಂಥರಾ ಕೊಳೆಯಂತೆಯೇ ಕಾಣುತ್ತಿತ್ತು. ದೊಡ್ಡವರ ಸೆರಗಿಗೆ ಅಂಟಿದ ಸಾರಿನ ಕಲೆ ಕಂಡರೂ ಸುಮ್ಮನಿರುತ್ತೇವಲ್ಲ, ಹಾಗೆ ಸುಮ್ಮನಿದ್ದೆ. ಮದುವೆಯಾಗಿ ಬಂದು ಆಗಲೇ ಇಪ್ಪತ್ತೆರಡು ವರ್ಷ ಆ ಪುಸ್ತಕದ ಧೂಳು ಒರೆಸಿದ್ದೆ. ಅಲ್ಲಿ ಏನು ಬರೆದಿದೆ ಎಂದು ಒಮ್ಮೆಯೂ ಓದಿರಲಿಲ್ಲ. ಅವರ ಕೂಡಿಸಿ ಬರೆಯುವ ಅಕ್ಷರ ಓದುವಷ್ಟು ಕನ್ನಡವೂ ನನಗೆ ಬರುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಹಜಾರದಲ್ಲಿ ಧಡ್ ಎಂದು ಶಬ್ದವಾಯಿತು. ಓಡಿ ಬಂದೆ. ದೊಡ್ಡ ಪುಸ್ತಕ ನೆಲದ ಮೇಲೆ ಬೋರಲಾಗಿ ಬಿದ್ದಿತ್ತು.

“ಜಾರ್ತು ಕಣೆ,” ಎಂದರು ಅತ್ತೆ, ತಮ್ಮ ಕೈಯನ್ನೇ ನೋಡಿಕೊಳ್ಳುತ್ತ.

ಆಮೇಲೆ ಲೋಟ ಜಾರಿತು, ರವಿಕೆಯ ಗುಂಡಿ ಹಾಕಲು ಬರದಾಯಿತು, ನಡೆಯುವಾಗ ಕಾಲೂ ತಡವರಿಸತೊಡಗಿತು. ಕತ್ತಿನ ಮೂಳೆ ನರವನ್ನು ಒತ್ತುತ್ತಿದೆ ಎಂದು ಬೇಸಿಗೆಯಲ್ಲಿ ಆಪರೇಷನ್ ಆಯಿತು. “ಕಾಲು ಉಳಿಯುತ್ತೆ, ನಡೀತಾರೆ. ಕೈ ಬಗ್ಗೆ ಮಾತ್ರ ಏನೂ ಹೇಳಕ್ಕಾಗಲ್ಲ,” ಎಂದಿದ್ದರು ಡಾಕ್ಟರ್. ಅವರು ಹೇಳಿದಂತೆಯೇ ಆಯಿತು. ಮಳೆ ಶುರುವಾಗುವ ಹೊತ್ತಿಗೆ ಅತ್ತೆ ಹಜಾರದಲ್ಲಿ ಓಡಾಡುತ್ತಿದ್ದರು. ಬೆರಳುಗಳು ಮಾತ್ರ ಅರ್ಧ ಮಡಚಿಕೊಂಡು ಹಾಗೇ ಉಳಿದವು. ತೋಳು ಅಲ್ಲಾಡಿಸುತ್ತಿದ್ದರು, ಎರಡು ಬೆರಳಿನ ನಡುವೆ ಒಂದು ಹಾಳೆ ಹಿಡಿಯುವ ಶಕ್ತಿ ಇರಲಿಲ್ಲ.

ಊಟ ಮಾಡಿಸುವುದಕ್ಕೆ, ತಲೆ ಬಾಚುವುದಕ್ಕೆ, ಉಳಿದೆಲ್ಲದಕ್ಕೂ ಅವರು ಮೊದಲ ದಿನವೇ ಒಪ್ಪಿಕೊಂಡರು. “ನಾಚ್ಕೆನೆಲ್ಲ ಆಸ್ಪತ್ರೇಲೇ ಬಿಟ್ ಬಂದಿದೀನಿ, ನೀನೂ ಬಿಟ್ಬಿಡು,” ಎಂದು ನಗಿಸಿದರು. ಒಪ್ಪದೆ ಹೋದದ್ದು ಬೇರೆಯವರಿಂದ ಓದಿಸಿ ಕೇಳುವುದಕ್ಕೆ.

ನಾನು ಪ್ರಯತ್ನ ಮಾಡದೇ ಇರಲಿಲ್ಲ. ಎರಡು ಗಂಟೆಗೆ ಅವರ ಎದುರು ಗಿಡ್ಡ ಸ್ಟೂಲು ಹಾಕಿಕೊಂಡು ಕೂತು, ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಓದುತ್ತಿದ್ದೆ. ಕಲ್ಲು ಹಾಸಿದ ರಸ್ತೆಯಲ್ಲಿ ಆಟೋ ಹೋದ ಹಾಗೆ ಹೋಗುತ್ತಿತ್ತು ನನ್ನ ಓದು. ಅತ್ತೆ ಕಣ್ಣು ಮುಚ್ಚಿಕೊಂಡೇ ತಿದ್ದುತ್ತಿದ್ದರು. ಒಂದು ವಾರವಾದ ಮೇಲೆ ತಿದ್ದುವುದನ್ನು ನಿಲ್ಲಿಸಿದರು. ನನ್ನ ತಪ್ಪು ನನಗೇ ಕೇಳುತ್ತಿತ್ತು. ಅವರು ತಿದ್ದದೆ ಬಿಟ್ಟದ್ದೇ ನನಗೆ ಭಯ ಹುಟ್ಟಿಸಿತು.

“ಯಾಕತ್ತೆ, ಬೇಜಾರಾಯ್ತಾ?”

“ನಿನ್ನ ತಪ್ಪೇನಿಲ್ಲ ಶೈಲಾ. ನೀನು ಓದಿದ್ರೆ ನಾನು ನಿನ್ನ ಹಿಂದೆ ನಡೀಬೇಕು. ನಂಗೊಂದು ಕಡೆ ನಿಲ್ಬೇಕು ಅನ್ಸುತ್ತೆ, ಹತ್ತು ಹಾಳೆ ಹಿಂದೆ ಹೋಗಿ ನೋಡ್ಬೇಕು ಅನ್ಸುತ್ತೆ. ಅದಕ್ಕೂ ಪರ್ಮಿಷನ್ ಕೇಳ್ಲಾ? ಬಾತ್ರೂಮಿಗೆ ಕೇಳೋದೇ ಸಾಕು.”

ಆಮೇಲೆ ಅವರ ಬಾಯಲ್ಲಿ ‘ಸಾಕು’ ಎನ್ನುವ ಮಾತು ಹೆಚ್ಚಾಗುತ್ತ ಬಂತು. ಎರಡನೆಯ ತುತ್ತಿಗೇ ಸಾಕು. ಕಾಫಿ ಅರ್ಧ ಲೋಟ ಸಾಕು. ಕೈಗೆ ಹೇಳಿಕೊಟ್ಟ ವ್ಯಾಯಾಮ ಹತ್ತು ಸಲ ಮಾಡಬೇಕಿದ್ದರೆ ಮೂರಕ್ಕೆ ಸಾಕು. ಎರಡು ಗಂಟೆಗೆ ಬೆತ್ತದ ಕುರ್ಚಿಗೆ ಬರುವ ಬದಲು ಕೋಣೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದರು. ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು, ತೋಳನ್ನೂ ಬಳಸದೆ ಬಿಟ್ಟರೆ ಇರುವುದೂ ಸೆಟೆದುಕೊಳ್ಳುತ್ತದೆ, ಮನಸ್ಸು ಬಿಡದಂತೆ ನೋಡಿಕೊಳ್ಳಿ ಎಂದು. ಒಬ್ಬರ ಮನಸ್ಸು ಬಿಡದಂತೆ ಇನ್ನೊಬ್ಬರು ಹೇಗೆ ನೋಡಿಕೊಳ್ಳಬೇಕು? ತಟ್ಟೆಯಲ್ಲಿ ಉಳಿದ ಅನ್ನ ನೋಡುತ್ತ ಸಿಂಕಿನ ಮುಂದೆ ನಿಂತು ನಾನು ದಿನಾ ಇದನ್ನೇ ಯೋಚಿಸುತ್ತಿದ್ದೆ.

ನಮ್ಮೆಜಮಾನರು ಪುಸ್ತಕ ಹಾಕಿದ ಒಂದು ಟ್ಯಾಬ್ಲೆಟ್ ತಂದರು. ಅತ್ತೆ ಮಡಚಿದ ಬೆರಳಿನ ಗೆಣ್ಣಿನಿಂದ ಮುಟ್ಟಿದರೆ ಒಂದೋ ಹಾಳೆ ಕದಲುತ್ತಿರಲಿಲ್ಲ, ಇಲ್ಲವೇ ಆರು ಹಾಳೆ ಒಟ್ಟಿಗೆ ಹಾರುತ್ತಿತ್ತು. ಯೋಚಿಸುತ್ತ ಕೂತರೆ ಪರದೆ ಆರಿಹೋಗುತ್ತಿತ್ತು. ಸರಿ, ಗಟ್ಟಿಯಾಗಿ ಓದಿ ಹೇಳುವ ಹಾಗೆ ಮಾಡಿಕೊಟ್ಟರು. ಅದರೊಳಗಿನ ಹೆಣ್ಣುದನಿ ಹಳಗನ್ನಡ ಪದ್ಯವನ್ನು ಓದತೊಡಗಿದಾಗ ಅತ್ತೆ ಎರಡು ಸಾಲು ಕೇಳಿದರು.

“ಯಾವ ಪ್ಲಾಟ್‌ಫಾರಮ್ಮಿಗೆ ರೈಲು ಬರುತ್ತಂತೆ ಕೇಳೋ,” ಎಂದರು ಮಗನಿಗೆ. ಮೂವರೂ ನಕ್ಕೆವು. ಆ ತಿಂಗಳಲ್ಲಿ ನಾವು ನಕ್ಕದ್ದು ಅದೊಂದೇ ಸಲ. ಟ್ಯಾಬ್ಲೆಟ್ ಬೀರು ಸೇರಿತು.

ವಾರಕ್ಕೆ ಮೂರು ದಿನ ಫಿಸಿಯೋಥೆರಪಿಗೆ ಭಾಗ್ಯಶ್ರೀ ಬರುತ್ತಿದ್ದಳು. ಧಾರವಾಡದ ಕಡೆಯ ಹುಡುಗಿ, ಸುದ್ದಗುಂಟೆಪಾಳ್ಯದಲ್ಲಿ ಇಬ್ಬರು ಗೆಳತಿಯರ ಜೊತೆ ಬಾಡಿಗೆ ಮನೆ. ಒದ್ದೆ ರೇನ್‌ಕೋಟನ್ನು ಗೇಟಿಗೆ ನೇತುಹಾಕಿ ಒಳಗೆ ಬಂದರೆ ಮನೆಗೆ ಒಂದು ಸದ್ದು ಬರುತ್ತಿತ್ತು. ಅತ್ತೆ ವ್ಯಾಯಾಮಕ್ಕೆ ಸಾಕು ಎಂದ ದಿನ ಅವಳು ಕೈ ಕಟ್ಟಿ ಕೂತಳು.

“ಅಮ್ಮಾರ, ಕೈ ಬಂದ್ರ ಮೊದಲ ಏನ್ ಮಾಡ್ತೀರಿ, ಹೇಳ್ರಿ?”

“ಹಾಳೆ ತಿರುಗಿಸ್ತೀನಿ.”

“ಅದಕ್ಕ ಕೈ ಯಾಕ ಬೇಕ್ರೀ? ತೋಳ ಐತಲ್ಲ!”

ಮುಂದಿನ ಸಲ ಬರುವಾಗ ಒಂದು ಪಟ್ಟಿ ತಂದಳು. ಕೆಟ್ಟುಹೋದ ಬಿ.ಪಿ. ಯಂತ್ರದ ಪಟ್ಟಿಯನ್ನು ಕತ್ತರಿಸಿ, ಅಂಗೈ ಸುತ್ತ ಕಟ್ಟುವ ಹಾಗೆ ಹೊಲಿದಿದ್ದಳು. ಅದರಲ್ಲೊಂದು ಸಣ್ಣ ಜೇಬು. ಜೇಬಿನೊಳಗೆ ತುದಿಯಲ್ಲಿ ರಬ್ಬರ್ ಇರುವ ಪೆನ್ಸಿಲ್, ರಬ್ಬರ್ ಕೆಳಗೆ. ಬೆರಳು ಏನನ್ನೂ ಹಿಡಿಯಬೇಕಾಗಿಲ್ಲ. ತೋಳು ಎಳೆದರೆ ರಬ್ಬರ್ ಹಾಳೆಯನ್ನು ಕಚ್ಚಿಕೊಂಡು ಬರುತ್ತದೆ. ಪುಸ್ತಕ ಇಡಲು ಏನಾದರೂ ಇಳಿಜಾರು ಬೇಕು ಎಂದಳು. ದೇವರ ಮನೆಯಿಂದ ವ್ಯಾಸಪೀಠ ತಂದೆ. ಕತ್ತರಿಯ ಹಾಗೆ ತೆರೆದುಕೊಳ್ಳುವ ಆ ಮರದ ಪೀಠ ಪಾರಾಯಣಕ್ಕೆಂದು ಮಾವನವರು ಕೊಂಡದ್ದು. ಅದನ್ನು ಊಟದ ಮೇಜಿನ ಮೇಲಿಟ್ಟು ಒಂದು ವಾರಪತ್ರಿಕೆ ಬಿಚ್ಚಿಟ್ಟೆವು. ಅತ್ತೆ ತೋಳು ಎಳೆದರು. ಹಾಳೆ ಅರ್ಧ ಎದ್ದು ಮತ್ತೆ ಬಿತ್ತು. ಇನ್ನೊಮ್ಮೆ. ನಾಲ್ಕನೆಯ ಸಲಕ್ಕೆ ತಿರುಗಿತು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋಗಿಬಿಟ್ಟೆ.

ಆ ಖುಷಿ ಎರಡು ದಿನ. ಮೂರನೆಯ ದಿನ ಅವರು ದೊಡ್ಡ ಪುಸ್ತಕ ಕೇಳಿದರು. ಅದು ಪೀಠದ ಮೇಲೆ ಕೂರಲಿಲ್ಲ. ಬೆನ್ನು ಬಿಗಿ, ಬಿಚ್ಚಿಟ್ಟ ಹಾಳೆಗಳು ಬಾಯಿ ಮುಚ್ಚುವ ಹಾಗೆ ಮುಚ್ಚಿಕೊಳ್ಳುತ್ತಿದ್ದವು. ಎರಡು ಕಡೆ ಬಟ್ಟೆ ಕ್ಲಿಪ್ಪು ಹಾಕಿದೆ. ಪ್ರತಿ ಹಾಳೆಗೂ ಅದನ್ನು ತೆಗೆದು ಹಾಕಲು ನಾನೇ ಬೇಕು. ಅತ್ತೆ ಹಟ ಹಿಡಿದು ಕ್ಲಿಪ್ಪಿಲ್ಲದೆ ಎಳೆದರು. ಪುಸ್ತಕ, ಪೀಠ ಎರಡೂ ಮೇಜಿನಿಂದ ಕೆಳಗೆ ಬಂದವು.

ಅದೇ ಧಡ್ ಶಬ್ದ.

“ದೇವರ ಪೀಠ ದೇವರ ಮನೇಲೇ ಇಡಮ್ಮ,” ಎಂದು ಎದ್ದು ಹೋದರು. ಆ ದಿನ ಊಟವನ್ನೂ ಬೇಡವೆಂದರು.

ಗೇಟಿನ ಹತ್ತಿರ ಭಾಗ್ಯಶ್ರೀ ದನಿ ತಗ್ಗಿಸಿದಳು. “ಆಂಟಿ, ನಾವು ಪರೀಕ್ಷಾಕ್ಕ ಓದೂ ಮುಂದ ದಪ್ಪ ಪುಸ್ತಕ ಹರದು ನಾಕ್ ಭಾಗ ಮಾಡ್ಕೊತಿದ್ವಿರೀ. ಬಸ್ಸಿನ್ಯಾಗ ಒಂದ ಕೈಲೇ ಹಿಡೀಬಹುದು. ಇದನ್ನೂ ತೆಳ್ಳಗ ಭಾಗ ಮಾಡಿಸ್ರಿ, ಅಂಗಾತ ಮಲಕೊಂತಾವು. ಆದ್ರ ಅಮ್ಮಾರನ್ನ ಒಂದ್ ಮಾತ್ ಕೇಳ್ರಿ ಮತ್ತ.”

ನಾನು ಕೇಳಲಿಲ್ಲ. ಕಾಲು ತಗುಲಿದ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುವವರು ಅವರು, ಹರಿಯುವುದಕ್ಕೆ ಒಪ್ಪುತ್ತಾರೆಯೇ? ಬೇಡ ಎಂದುಬಿಟ್ಟರೆ ಇನ್ನು ದಾರಿಯೇ ಉಳಿಯುವುದಿಲ್ಲ. ಮಾಡಿಸಿ ಮುಂದಿಟ್ಟರೆ ಆಯಿತು ಎಂದುಕೊಂಡೆ. ಅವರು ಗೋಡೆಯ ಕಡೆ ತಿರುಗಿ ಮಲಗಿದ್ದ ಒಂದು ಮಧ್ಯಾಹ್ನ ಪುಸ್ತಕವನ್ನು ಟವೆಲಿನಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಕವರು ಹಾಕಿ, ಛತ್ರಿ ಹಿಡಿದು ತಿಲಕ್ ನಗರಕ್ಕೆ ನಡೆದೆ. ಕಳ್ಳತನ ಮಾಡಿದವಳ ಹಾಗೆ ಎರಡು ಸಲ ಹಿಂದಿರುಗಿ ನೋಡಿದೆ.

ಬೈಂಡಿಂಗ್ ಅಂಗಡಿಯ ಭಾಯ್ ಕನ್ನಡಕ ಹಣೆಗೇರಿಸಿ ಪುಸ್ತಕ ನೋಡಿದರು. “ಎಂಟು ಭಾಗ ಆಗ್ತದೆ ಮೇಡಂ. ಹೊಲಿಗೆ ಹಾಕ್ತೀನಿ, ಬಟ್ಟೆ ಬೆನ್ನು. ಎಲ್ಲಿ ತೆಗೆದ್ರೂ ಚಪ್ಪಟೆ ಕೂತ್ಕೊಳ್ತದೆ.” ಆಮೇಲೆ ಹಾಳೆಗಳ ಬದಿಯ ಮೇಲೆ ಹೆಬ್ಬೆರಳು ಓಡಿಸಿದರು. ಹಳದಿ ಪುಡಿ ಉದುರಿತು. “ಅಂಚೆಲ್ಲ ಹಾಳಾಗಿದೆ. ಮೂರು ಸೈಡೂ ಮಷೀನಲ್ಲಿ ಕಟ್ ಮಾಡ್ಲಾ? ಸಣ್ಣ ಸಣ್ಣ ಎಳೆ ಥರ ಅರ್ಧ ಇಂಚು ಹೋಗ್ತದೆ, ಅಕ್ಷರಕ್ಕೇನೂ ತೊಂದ್ರೆ ಇಲ್ಲ. ಕಟ್ ಮಾಡಿದ್ರೆ ನೀಟಾಗಿ ಕಾಣ್ತದೆ.”

ಅಕ್ಷರ ಎಂದರೆ ಅವರು ಅಚ್ಚಾದ ಅಕ್ಷರವನ್ನು ಹೇಳಿದ್ದರು. ನನಗೂ ಅಕ್ಷರ ಎಂದರೆ ಅದೇ ಆಗಿತ್ತು.

“ಹ್ಞೂಂ, ನೀಟಾಗಿರ್ಲಿ,” ಎಂದೆ.

ನಾಲ್ಕು ದಿನ ಬೇಕು ಎಂದರು. ಆ ನಾಲ್ಕು ದಿನವೂ ಮಳೆ. ಅತ್ತೆ ಹಜಾರ ದಾಟುವಾಗಲೆಲ್ಲ ಕಪಾಟಿನ ಖಾಲಿ ಜಾಗ ಕಾಣದಿರಲೆಂದು ನಾನು ಅಲ್ಲೇ ನಿಂತು ಏನೋ ಒರೆಸುತ್ತಿದ್ದೆ. ಎರಡನೆಯ ದಿನ ಕೇಳಿಯೇಬಿಟ್ಟರು.

“ಪುಸ್ತಕ ಎಲ್ಲಿ?”

“ಬಿದ್ದು ಬೆನ್ನು ಬಿಟ್ಕೊಂಡಿತ್ತಲ್ಲ ಅತ್ತೆ, ರಿಪೇರಿಗೆ ಕೊಟ್ಟಿದೀನಿ.”

“ಯಾರಿಗೆ ಓದಕ್ಕೆ?” ಎಂದು ಒಳಗೆ ಹೋದರು.

ಐದನೆಯ ದಿನ ಎಂಟು ಪುಸ್ತಕಗಳು ಬಂದವು. ಎಷ್ಟು ಚೆನ್ನಾಗಿದ್ದವು! ಕೆಂಪು ಬಟ್ಟೆಯ ಬೆನ್ನು, ಬೂದು ರಟ್ಟು, ಬದಿಗಳು ಹೊಸ ಇಸ್ಪೀಟ್ ಕಟ್ಟಿನ ಹಾಗೆ ಬೆಳ್ಳಗೆ, ನೇರವಾಗಿ. ಮೊದಲನೆಯದನ್ನು ವ್ಯಾಸಪೀಠದ ಮೇಲಿಟ್ಟೆ. ಬಿಚ್ಚಿದರೆ ಬಿಚ್ಚಿಯೇ ಇತ್ತು. ಅತ್ತೆಯನ್ನು ಕೈಹಿಡಿದು ಕರೆತಂದು ಕೂರಿಸಿ ಪಟ್ಟಿ ಕಟ್ಟಿದೆ. ಪುಸ್ತಕ ಹರಿಸಿದ್ದಕ್ಕೆ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ತೋಳು ಎಳೆದರು. ಹಾಳೆ ಒಂದೇ ಸಲಕ್ಕೆ ತಿರುಗಿತು. ಇನ್ನೊಂದು. ಮತ್ತೊಂದು. ಬೆನ್ನು ನೇರ ಮಾಡಿ ಕೂತರು. ನಾನು ಉಸಿರು ಬಿಟ್ಟೆ.

ಆರನೆಯ ಹಾಳೆಗೆ ತೋಳು ನಿಂತಿತು. ಮುಖವನ್ನು ಪುಸ್ತಕದ ಹತ್ತಿರ ತಂದರು. ಹಿಂದಿನ ಹಾಳೆಗೆ ಹೋದರು, ಮತ್ತೆ ಮುಂದಕ್ಕೆ ಬಂದರು.

“ಶೈಲಾ, ಇಲ್ಲಿ ಇದ್ದದ್ದೆಲ್ಲಿ?”

ಬಗ್ಗಿ ನೋಡಿದೆ. ಅಂಚಿನಲ್ಲಿ ಪೆನ್ಸಿಲಿನ ಸಾಲುಗಳು ಮೊದಲ ಒಂದೆರಡು ಅಕ್ಷರಕ್ಕೇ ಮುಗಿದಿದ್ದವು. ಕೆಲವು ಅಕ್ಷರಗಳು ಅರ್ಧಕ್ಕೇ ಸೀಳಿದ್ದವು. ಪ್ರತಿ ಹಾಳೆಯಲ್ಲೂ ಹಾಗೆಯೇ, ಎಂಟು ಪುಸ್ತಕದಲ್ಲೂ.

ನಾನು ಏನು ಹೇಳಿದೆನೋ ನೆನಪಿಲ್ಲ. ಅಂಚು ಹಾಳಾಗಿತ್ತು ಎಂದೆನೋ, ಗೊತ್ತಾಗಲಿಲ್ಲ ಎಂದೆನೋ. ಅತ್ತೆ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಪಟ್ಟಿ ಕಟ್ಟಿದ ಕೈಯನ್ನು ನನ್ನ ಕಡೆ ಚಾಚಿ, “ಬಿಚ್ಚು,” ಎಂದರು. “ಸಾಕು.”

ಛತ್ರಿಯನ್ನೂ ಮರೆತು ಓಡಿದೆ. ಭಾಯ್ ನನ್ನ ಮುಖ ನೋಡಿಯೇ ಎದ್ದು ನಿಂತರು. ಕತ್ತರಿಸಿದ ಚೂರು ಬೇಕು ಎಂದೆ. ಮೂಲೆಯಲ್ಲಿದ್ದ ಗೋಣಿಚೀಲ ತೋರಿಸಿದರು. “ರದ್ದಿಯವನು ಇನ್ನೂ ಬಂದಿಲ್ಲ, ನಿಮ್ಮ ಪುಣ್ಯ. ಆದ್ರೆ ಮೇಡಂ, ಇದ್ರಲ್ಲಿ ಕಾಲೇಜ್ ಪ್ರಾಜೆಕ್ಟು, ಲೆಕ್ಕದ ಪುಸ್ತಕ ಎಲ್ಲಾ ಇದೆ. ಹೆಂಗ್ ಹುಡುಕ್ತೀರಾ?”

“ಹಳದಿ ಇರೋದೆಲ್ಲ ನಮ್ದು,” ಎಂದೆ.

ಸ್ಟೂಲಿನ ಮೇಲೆ ಕೂತು, ಒದ್ದೆ ಸೀರೆಯಲ್ಲೇ, ಬಿಳಿ ಎಳೆಗಳ ನಡುವಿನಿಂದ ಹಳದಿ ಎಳೆಗಳನ್ನು ಆರಿಸಿದೆ. ಸ್ವಲ್ಪ ಹೊತ್ತಾದ ಮೇಲೆ ಭಾಯ್ ಕೂಡ ಅಂಟಿನ ಕೈ ಒರೆಸಿಕೊಂಡು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು. ಒಂದು ಎಳೆಯ ಮೇಲೆ ಪೆನ್ಸಿಲಿನ ಒಂದು ಬಾಲ, ಇನ್ನೊಂದರ ಮೇಲೆ ಒಂದು ಕೊಂಬು. ಯಾವುದು ಯಾವ ಹಾಳೆಯದು ಎಂದು ದೇವರಿಗೂ ಗೊತ್ತಾಗುತ್ತಿರಲಿಲ್ಲ. ಗೊತ್ತಿದ್ದೂ ಆರಿಸಿದೆ.

ಮನೆಗೆ ಬಂದಾಗ ಅತ್ತೆ ಎಚ್ಚರವಾಗಿದ್ದರು. ಮಂಚದ ಮೇಲೆ ಅವರ ಮುಂದೆ ಆ ಎಳೆಗಳ ಕವರನ್ನು ಸುರಿದೆ. ಅವರು ಬಗ್ಗಿ ನೋಡಿದರು.

“ಇದೇನು, ಶಾವಿಗೆನಾ?”

ನನಗೆ ಅಳು ತಡೆಯಲಾಗಲಿಲ್ಲ. ಅವರ ಮಡಚಿದ ಕೈ ನನ್ನ ಒದ್ದೆ ತಲೆಯ ಮೇಲೆ ಬಂದು ಭಾರವಾಗಿ ಕೂತಿತು. ಆ ತೋಳು ಅಷ್ಟು ಮೇಲಕ್ಕೆ ಏಳುತ್ತದೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

“ಏನ್ ಬರ್ದಿದ್ರಿ ಅತ್ತೆ ಅದ್ರಲ್ಲಿ?”

“ಇಪ್ಪತ್ತೆರಡು ವರ್ಷಕ್ಕೆ ಕೇಳ್ದೆಯಲ್ಲ ತಾಯಿ,” ಎಂದರು. “ನೋಡಿದ್ರೆ ನೆನಪಾಗತ್ತೇನೋ. ನಾಳೆ ಎರಡು ಗಂಟೆಗೆ ಕಟ್ಟು ಆ ಪಟ್ಟಿನ. ನೀನೊಂದು ಪೆನ್ಸಿಲ್ ತಗೊ.”

ಹಾಗೆ ಶುರುವಾಯಿತು. ಅವರು ಓದುತ್ತಿದ್ದರು, ತಾವೇ ಹಾಳೆ ತಿರುಗಿಸುತ್ತಿದ್ದರು. ಅಂಚಿನಲ್ಲಿ ತುಂಡಾದ ಸಾಲು ಬಂದಲ್ಲಿ ನಿಂತು, ಕಿಟಕಿಯಾಚೆಯ ಹೊಂಗೆ ಮರ ನೋಡುತ್ತಿದ್ದರು. ನಾನು ಪಕ್ಕದಲ್ಲಿ ಪೆನ್ಸಿಲ್ ಹಿಡಿದು ಕೂತಿರುತ್ತಿದ್ದೆ. ನೆನಪಾದರೆ ಹೇಳುತ್ತಿದ್ದರು, ಉಳಿದ ಅಂಚಿನಲ್ಲಿ ನನ್ನ ಮೂರನೇ ಕ್ಲಾಸಿನ ಕನ್ನಡದಲ್ಲಿ ಬರೆಯುತ್ತಿದ್ದೆ. ಪದ್ಯದ ಅರ್ಥಗಳೇ ಹೆಚ್ಚು. ನಡುನಡುವೆ ಬೇರೆ ಸಂಗತಿಗಳೂ. ‘ಇದನ್ನು ಪಾಠ ಮಾಡುವಾಗ ಹಿಂದಿನ ಬೆಂಚಿನ ಹುಡುಗಿ ಅತ್ತಳು.’ ‘ಇಲ್ಲಿಗೆ ಬಂದಾಗ ಮಗನಿಗೆ ಜ್ವರ ಬಿಟ್ಟಿತು.’ ನಾನು ಕೊಳೆ ಎಂದುಕೊಂಡಿದ್ದರಲ್ಲಿ ಒಬ್ಬರ ನಲವತ್ತು ವರ್ಷ ಇತ್ತು. ಎಷ್ಟೋ ಕಡೆ ಮಾತ್ರ, “ಇಲ್ಲೇನೋ ಇತ್ತು,” ಎಂದಷ್ಟೇ ಹೇಳುತ್ತಿದ್ದರು. ಅಲ್ಲಿ ನಾನೊಂದು ಚುಕ್ಕೆ ಇಡುತ್ತಿದ್ದೆ. ಪ್ರತಿ ಚುಕ್ಕೆ ಇಡುವಾಗಲೂ ಆ ಅಂಗಡಿಯಲ್ಲಿ ನಾನು ಹೇಳಿದ “ನೀಟಾಗಿರ್ಲಿ” ನನ್ನ ಕಿವಿಯಲ್ಲೇ ಕೇಳುತ್ತಿತ್ತು.

ಮೂರನೆಯ ಪುಸ್ತಕದಲ್ಲಿ ಒಂದು ಕಡೆ ಅವರ ತುಟಿಯಂಚು ಕದಲಿತು.

“ಹೇಳಿ ಅತ್ತೆ.”

“ಇದು ಬೇಡ.”

“ನೆನಪಾಗ್ಲಿಲ್ವಾ?”

“ಆಯ್ತು. ನೀನು ಮದುವೆಯಾಗಿ ಬಂದ ವರ್ಷ ಬರ್ದಿದ್ದು. ನಿನ್ನ ಬಗ್ಗೆ. ಚುಕ್ಕೆ ಇಡು, ಮುಂದಕ್ಕೆ ಹೋಗಣ.”

ಎಷ್ಟು ಗೋಗರೆದರೂ ಹೇಳಲಿಲ್ಲ. ಅದೂ ಒಂದು ಚುಕ್ಕೆಯಾಗಿ ಉಳಿಯಿತು. ಮರೆತ ಚುಕ್ಕೆಗಳ ನಡುವೆ ಬಚ್ಚಿಟ್ಟ ಒಂದು ಚುಕ್ಕೆ. ಗೌರಿ ಹಬ್ಬದ ಹೊತ್ತಿಗೆ ಅವರ ಕಾಫಿ ಪೂರ್ತಿ ಲೋಟಕ್ಕೆ ಬಂದಿತ್ತು.

“ಬನ್ನಿ ಮೇಡಂ, ಯಾಕೆ ಅಲ್ಲೇ ನಿಂತ್ರಿ?” ಎಂದು ಹೋದ ವಾರ ಅಂಗಡಿಯೊಳಗಿಂದ ಭಾಯ್ ಕರೆದಾಗ ಎಚ್ಚರವಾಯಿತು. ಮೆಟ್ಟಿಲು ಹತ್ತಿ ಚೀಲದಿಂದ ಎಂಟೂ ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ. ಅವರ ಗಡ್ಡ ಪೂರ್ತಿ ಬೆಳ್ಳಗಾಗಿದೆ. ಒಂದನ್ನು ಬಿಚ್ಚಿ ನೋಡಿ ನಕ್ಕರು.

“ಮಗು ಏನಾದ್ರೂ ಬರ್ದಿದೆಯಾ?”

“ನಂದೇ ಭಾಯ್, ನನ್ನ ಅಕ್ಷರ.”

“ಏನ್ ಮಾಡ್ಬೇಕು ಈಗ?”

“ಇನ್ನೂ ತೆಳ್ಳಗೆ. ಎಂಟನ್ನ ಹದಿನಾರು ಮಾಡಿ.”

ಅವರು ಏಕೆಂದು ಕೇಳಲಿಲ್ಲ. ಮೂರು ವರ್ಷದ ಹಿಂದೆ ಎಂಟು ಯಾರಿಗೆ ಬೇಕಾಗಿತ್ತು ಎಂಬುದನ್ನು ಎಳೆ ಆರಿಸುತ್ತ ಅವರಿಗೆ ಹೇಳಿದ್ದೆ. ಹಾಳೆಗಳ ಬದಿಯ ಮೇಲೆ ಹೆಬ್ಬೆರಳು ಓಡಿಸಿದರು, ಕತ್ತರಿಸುವ ಯಂತ್ರದ ಕಡೆ ನೋಡಿದರು, ನನ್ನ ಕಡೆ ನೋಡಿದರು. “ಅಂಚು ಮುಟ್ಟಲ್ಲ,” ಎಂದು ತಾವೇ ಹೇಳಿದರು.

ಈ ಬೇಸಿಗೆಯಿಂದ ಅತ್ತೆಯ ಬಲತೋಳು ಸೋಲುತ್ತಿದೆ. ಪಟ್ಟಿಯನ್ನು ಎಡಗೈಗೆ ಕಟ್ಟುತ್ತಿದ್ದೇವೆ, ಆ ಕೈಗೆ ಎಂಟರ ದಪ್ಪವೂ ಹೆಚ್ಚು. ಡಾಕ್ಟರು ಇನ್ನೊಂದು ಸ್ಕ್ಯಾನ್ ಮಾಡಿಸಿ ಎಂದಿದ್ದಾರೆ. ಮತ್ತೆ ಆಪರೇಷನ್ ಎಂದರೆ ಈ ವಯಸ್ಸಿಗೆ ಏನೋ ಎಂತೋ. ಹದಿನಾರೂ ಆಗದೆ ಹೋದರೆ ಮೂವತ್ತೆರಡು ಮಾಡಿಸಬಹುದು ಎಂದು ಲೆಕ್ಕ ಹಾಕುತ್ತೇನೆ. ಆಮೇಲೆ ಒಂದೊಂದೇ ಹಾಳೆ. ಅದರಾಚೆಗೆ ಯೋಚಿಸುವುದಿಲ್ಲ.

ಮಧ್ಯಾಹ್ನ ಎರಡು ಗಂಟೆಯಾದರೆ ಈಗಲೂ ನಾನು ಮಿಕ್ಸಿ ಹಾಕುವುದಿಲ್ಲ, ನಲ್ಲಿಯನ್ನು ಸಣ್ಣಗೆ ಬಿಡುತ್ತೇನೆ. ಹಜಾರದಿಂದ ಸರ್ ಎಂದು ಹಾಳೆಯ ಸದ್ದು ಬರುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು. ಒಮ್ಮೊಮ್ಮೆ ಬಹಳ ಹೊತ್ತು ಏನೂ ಕೇಳಿಸುವುದಿಲ್ಲ. ಆಗ ನಲ್ಲಿಯನ್ನು ಪೂರ್ತಿ ನಿಲ್ಲಿಸಿ, ಒದ್ದೆ ಕೈಯಲ್ಲೇ ನಿಲ್ಲುತ್ತೇನೆ. ಪಟ್ಟಿ ಜಾರಿತೋ, ತೋಳು ಸೋತಿತೋ, ಅಥವಾ ಯಾವುದಾದರೂ ಚುಕ್ಕೆಯ ಹತ್ತಿರ ನಿಂತುಕೊಂಡರೋ. ಹೋಗಿ ನೋಡಬೇಕೆನಿಸುತ್ತದೆ. ಹೋಗುವುದಿಲ್ಲ. ನಿಲ್ಲಬೇಕೆನಿಸಿದಾಗ ನಿಲ್ಲುವುದಕ್ಕೆ ಅವರು ಯಾರನ್ನೂ ಕೇಳಬೇಕಾಗಿಲ್ಲ. ಬಾಗಿಲ ಈಚೆಗೆ ನಿಂತು, ಮುಂದಿನ ಹಾಳೆಯ ಸದ್ದಿಗೆ ಕಾಯುತ್ತೇನೆ.